ಯಾವ ಹಲ್ಲೆಂದು ಗೊತ್ತಾಗದ ನೋವು

ಹಲ್ಲುನೋವಿಗೆ ಒಂದು ಕೆಟ್ಟ ಚಾಳಿ ಇದೆ. ಹಗಲಿಡೀ ಸಣ್ಣಗೆ ಜುಮ್ಮೆನ್ನುತ್ತಾ ಇರುತ್ತದೆ. ಇಶಾ ನಮಾಝ್ ಮುಗಿಸಿ, ಊಟ ಮಾಡಿ, ದಿಂಬಿಗೆ ತಲೆ ಇಟ್ಟ ಕೂಡಲೇ ಜೋರಾಗುತ್ತದೆ. ಎದ್ದು ಕೂತರೆ ಸ್ವಲ್ಪ ಕಡಿಮೆ, ಮಲಗಿದರೆ ಮತ್ತೆ ಶುರು. ಸುಬಹಿಗೆ ಮೊದಲೇ ಕೆನ್ನೆ ಹಿಡಿದುಕೊಂಡು ಮಸೀದಿ ಬಾಗಿಲಲ್ಲಿ ನಿಂತು "ಉಸ್ತಾದರೇ, ಒಮ್ಮೆ ಊದಿ ಕೊಡಿ" ಎನ್ನುವವರನ್ನು ವರ್ಷಕ್ಕೆ ನಾಲ್ಕೈದು ಮಂದಿಯನ್ನಾದರೂ ಕಾಣುತ್ತೇನೆ. ಊದಿ ಕೊಡುತ್ತೇನೆ, ದುಆ ಮಾಡುತ್ತೇನೆ. ಜೊತೆಗೆ "ಬೆಳಗಾದ ಕೂಡಲೇ ಹಲ್ಲಿನ ಡಾಕ್ಟರಲ್ಲಿಗೆ ಹೋಗಿ" ಎಂದೂ ಹೇಳುತ್ತೇನೆ. ಈ ಎರಡನೆಯದನ್ನು ಕೇಳುವವರು ಕಡಿಮೆ.

ರಾತ್ರಿ ನೋವು ಹೆಚ್ಚಾಗುವುದಕ್ಕೆ ಕಾರಣ ಇದೆ. ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತಗಿನ ಭಾಗವೊಂದಿದೆ. ಸುತ್ತಲೂ ಗಟ್ಟಿ ಗೋಡೆ. ಕೈಗೆ ಗಾಯವಾದರೆ ಕೈ ಊದಿಕೊಳ್ಳುತ್ತದೆ, ಹಲ್ಲಿನೊಳಗೆ ಊದಿಕೊಳ್ಳಲು ಜಾಗವಿಲ್ಲ. ಆ ಒತ್ತಡವೇ ನೋವು. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಸ್ವಲ್ಪ ಹೆಚ್ಚುತ್ತದೆ, ನೋವೂ ಹೆಚ್ಚುತ್ತದೆ. ಎರಡು ದಿಂಬು ಇಟ್ಟು ಮಲಗಿ ಎಂದು ಡಾಕ್ಟರು ಹೇಳುವುದು ಇದಕ್ಕೇ.

ಈ ಒಳಗಿನ ನರಕ್ಕೆ ತಾನು ಯಾವ ಹಲ್ಲಿನದ್ದೆಂದು ಹೇಳಲು ಬರುವುದಿಲ್ಲ. ಕೆಳಗಿನ ದವಡೆ ಹಲ್ಲು ಹಾಳಾಗಿದ್ದರೆ ಮೇಲಿನದ್ದು ನೋಯುತ್ತದೆ, ಕೆಲವರಿಗೆ ಕಿವಿಯೇ ನೋಯುತ್ತದೆ. ಕನ್ನಡಿಯಲ್ಲಿ ನೋಡಿದರೆ ತೂತೂ ಇಲ್ಲ, ಕಪ್ಪೂ ಇಲ್ಲ. ಆಗ ನಮ್ಮವರು ಮಾಡುವ ಕೆಲಸ ಒಂದೇ, ಡಾಕ್ಟರ ಮುಂದೆ ಕೂತು "ಇದನ್ನು ಕಿತ್ತು ಬಿಡಿ" ಎಂದು ಬೆರಳು ತೋರಿಸುವುದು. ಅದು ಒಳ್ಳೆಯ ಹಲ್ಲಾಗಿದ್ದರೆ ಹಲ್ಲೂ ಹೋಯಿತು, ನೋವೂ ಉಳಿಯಿತು. ಎಕ್ಸ್‌ರೇ ತೆಗೆಯದೆ, ಒಂದೊಂದು ಹಲ್ಲನ್ನೂ ತಟ್ಟಿ, ತಣ್ಣಗೆ ತಾಗಿಸಿ ನೋಡದೆ ಕೀಳಿಸಬೇಡಿ.

ಬಿರುಕು ಬಿಟ್ಟ ಹಲ್ಲು ಇನ್ನೂ ಕಷ್ಟ. ಎಕ್ಸ್‌ರೇಯಲ್ಲಿಯೂ ಹೆಚ್ಚಾಗಿ ಕಾಣುವುದಿಲ್ಲ. ಕಚ್ಚಿದಾಗ, ಅದಕ್ಕಿಂತಲೂ ಕಚ್ಚಿ ಬಿಟ್ಟಾಗ ಚುಳ್ಳೆನ್ನುವುದು ಇದರ ಗುರುತು. ಬಿರಿಯಾನಿಯ ಮೂಳೆ ಕಡಿಯುವವರು, ಗಟ್ಟಿ ಅಡಿಕೆ ಜಗಿಯುವವರು ಇದನ್ನು ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ಅಡಿಕೆ ತಿಂದು ತಿಂದು ಬಾಯಿ ಅಗಲ ತೆರೆಯದ ಸ್ಥಿತಿಗೆ ಬಂದವರೂ ನಮ್ಮಲ್ಲಿ ಇದ್ದಾರೆ. ಅಂಥವರ ಹಿಂದಿನ ಹಲ್ಲಿಗೆ ಡಾಕ್ಟರ ಕೈಯೇ ತಲುಪುವುದಿಲ್ಲ.

ಕೆಲವು ಹಲ್ಲುನೋವು ಹಲ್ಲಿನದ್ದೇ ಅಲ್ಲ. ರುಕೂಅ್, ಸುಜೂದಿಗೆ ಬಾಗಿದಾಗ ಮೇಲಿನ ಹಿಂದಿನ ಹಲ್ಲುಗಳೆಲ್ಲ ಒಟ್ಟಿಗೆ ಭಾರವಾಗಿ ನೋಯುತ್ತವೆ, ಮೂಗೂ ಕಟ್ಟಿದೆ ಎಂದಾದರೆ ಅದು ಸೈನಸ್ ಇರಬಹುದು. ವುಝೂ ಮಾಡುವಾಗ ಮುಖಕ್ಕೆ ನೀರು ತಾಗಿದರೆ ಸಾಕು, ಕರೆಂಟ್ ಹೊಡೆದ ಹಾಗೆ ಕೆಲವು ಸೆಕೆಂಡು ನೋವು ಬಂದು ಹೋಗುತ್ತದೆ ಎಂದಾದರೆ ಅದು ಮುಖದ ನರದ ಕಾಯಿಲೆ ಇರಬಹುದು. ಈ ಕಾಯಿಲೆಗೆ ಒಂದರ ಹಿಂದೆ ಒಂದು ಹಲ್ಲು ಕೀಳಿಸಿಕೊಂಡವರಿದ್ದಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಗುಡ್ಡೆ ಹತ್ತುವಾಗ, ಮೆಟ್ಟಿಲು ಏರುವಾಗ ಕೆಳದವಡೆ ಹಿಂಡಿದಂತಾಗಿ ಕೂತರೆ ಕಡಿಮೆಯಾಗುವುದು, ಜೊತೆಗೆ ಬೆವರು, ಏದುಸಿರು, ಎದೆ ಭಾರ. ಸಕ್ಕರೆ ಕಾಯಿಲೆಯವರಿಗೆ ಎದೆನೋವು ಇಲ್ಲದೆಯೂ ಹೀಗಾಗಬಹುದು. ಅವರನ್ನು ಹಲ್ಲಿನ ಡಾಕ್ಟರಲ್ಲಿಗೆ ಅಲ್ಲ, ನೇರ ಹೃದಯದ ಚಿಕಿತ್ಸೆ ಇರುವ ಆಸ್ಪತ್ರೆಗೆ ಕೊಂಡುಹೋಗಬೇಕು.

ಇನ್ನು ಒಬ್ಬಳು ಹೆಣ್ಣುಮಗಳ ವಿಷಯ. ಹೆಸರು, ಊರು ಬೇಡ. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ, ಎರಡು ಸಣ್ಣ ಮಕ್ಕಳು. ಕೆಳಗಿನ ಕೊನೆಯ ದವಡೆ ಹಲ್ಲು ಮೂರು ದಿನ ನೋಯಿತು. ಮೆಡಿಕಲ್‌ನಿಂದ ಮಾತ್ರೆ ತರಿಸಿದರು. ನಾಲ್ಕನೇ ದಿನ ನೋವು ತಟ್ಟನೆ ನಿಂತಿತು. ಅಲ್‌ಹಮ್ದುಲಿಲ್ಲಾಹ್ ಎಂದು ಎಲ್ಲರೂ ಸಮಾಧಾನಪಟ್ಟರು. ಆದರೆ ಹಾಗೆ ನಿಲ್ಲುವುದೆಂದರೆ ಹೆಚ್ಚಾಗಿ ಒಳಗಿನ ನರ ಸತ್ತಿದೆ ಎಂದೇ ಅರ್ಥ. ಕೀವು ಬೇರಿನಿಂದ ಕೆಳಗೆ ಇಳಿಯುತ್ತಿರುತ್ತದೆ. ಆರನೇ ದಿನ ಗಲ್ಲದ ಅಡಿ ಊದಿಕೊಂಡಿತು. ಬಿಸಿ ಬಟ್ಟೆ ಶಾಖ ಕೊಟ್ಟರು. ಆಸ್ಪತ್ರೆಗೆ ಹೋಗೋಣವೆಂದರೆ ಕರೆದುಕೊಂಡು ಹೋಗುವುದು ಯಾರು? ಮೈದುನ ಶುಕ್ರವಾರ ಬರುತ್ತಾನೆ, ಅಷ್ಟರವರೆಗೆ ನೋಡುವ ಎಂದಾಯಿತು. ಬುಧವಾರ ರಾತ್ರಿ ಅವಳಿಗೆ ಉಗುಳು ನುಂಗಲಾಗಲಿಲ್ಲ. ಬಾಯಿ ಎರಡು ಬೆರಳು ಕೂಡ ತೆರೆಯುತ್ತಿರಲಿಲ್ಲ, ಬಿಸಿ ಅನ್ನ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ಸ್ವರ. ನೆರೆಯ ರಿಕ್ಷಾದವರು ಮಧ್ಯರಾತ್ರಿ ಕೊಂಡುಹೋದರು. ಗಲ್ಲದ ಕೆಳಗೆ ಕೊಯ್ದು ಕೀವು ತೆಗೆದರು, ಹಲ್ಲು ತೆಗೆದರು, ಐಸಿಯುನಲ್ಲಿ ಇಟ್ಟರು. ನಾಲಗೆ ಮೇಲಕ್ಕೆ ದೂಡಲ್ಪಟ್ಟು ಉಸಿರಿನ ದಾರಿ ಮುಚ್ಚುವ ಹಂತದಲ್ಲಿತ್ತಂತೆ. ಬದುಕಿದಳು. ಒಂದು ಹಲ್ಲಿಗೆ ಆಗುವ ಖರ್ಚಿನ ಎಷ್ಟೋ ಪಾಲು ಹೆಚ್ಚು ಖರ್ಚಾಯಿತು, ಅದು ಬೇರೆ ಮಾತು.

ಆ ಅತ್ತೆಯನ್ನು ನಾನು ದೂರುವುದಿಲ್ಲ. ಹಲ್ಲುನೋವಿನಿಂದ ಜೀವ ಹೋದೀತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರ ನೋವು ಗಂಡಸರ ಬಿಡುವಿಗೆ ಕಾಯುತ್ತದೆ, ಇದನ್ನು ಹೇಳದೆ ಇರಲಾರೆ. ಅಕ್ಕಪಕ್ಕದ ಒಬ್ಬರು ಹೆಂಗಸು ಜೊತೆಗಿದ್ದರೆ ರಿಕ್ಷಾದಲ್ಲಿ ಹೋಗಿ ಬರಬಹುದು. ಇದಕ್ಕೆ ದುಬೈಯಿಂದ ಅನುಮತಿಯ ಫೋನ್ ಬರಬೇಕೆಂದಿಲ್ಲ.

ಹಾಗಾದರೆ ಬೆಳಗ್ಗಿನವರೆಗೆ ಕಾಯಬಾರದ್ದು ಯಾವುದು? ಊತ ಗಲ್ಲದ ಕೆಳಗೆ, ಕುತ್ತಿಗೆಗೆ ಇಳಿದರೆ ಅಥವಾ ಕಣ್ಣಿನ ಕಡೆ ಏರಿದರೆ. ನುಂಗಲು, ಉಸಿರಾಡಲು ಕಷ್ಟವಾದರೆ. ಬಾಯಿ ತೆರೆಯದಿದ್ದರೆ. ಊತದ ಜೊತೆ ಚಳಿ ಜ್ವರ ಬಂದರೆ. ಆಗ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಬೇಕು. ರಾತ್ರಿ ಕ್ಲಿನಿಕ್ ಹುಡುಕುತ್ತಾ ಪೇಟೆ ಸುತ್ತಬಾರದು. ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್ ಇದೆ. ದೇರಳಕಟ್ಟೆಯಲ್ಲಿ ಎರಡು ಡೆಂಟಲ್ ಕಾಲೇಜುಗಳು ಮೆಡಿಕಲ್ ಕಾಲೇಜು ಆಸ್ಪತ್ರೆಯ ಬಳಿಯಲ್ಲೇ ಇವೆ. ಬಾಯಿ ಮತ್ತು ದವಡೆಯ ಸರ್ಜನ್ ಬೇಕೆಂದು ಅಲ್ಲಿ ಕೇಳಿ. ಮೇಲಿನ ಯಾವ ಲಕ್ಷಣವೂ ಇಲ್ಲದಿದ್ದರೆ ಬೆಳಿಗ್ಗೆ ಹೋದರೆ ಸಾಕು. ಡೆಂಟಲ್ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಖರ್ಚು ಕಡಿಮೆ, ಕಾಯುವುದು ಮಾತ್ರ ಸ್ವಲ್ಪ ಹೆಚ್ಚು. ದೇರಳಕಟ್ಟೆ ಬಿಟ್ಟರೆ ಕುಂಟಿಕಾನ, ಮುಕ್ಕ, ಸುಳ್ಯದಲ್ಲೂ ಕಾಲೇಜುಗಳಿವೆ.

ಆ ಒಂದು ರಾತ್ರಿ ಕಳೆಯುವುದು ಹೇಗೆ ಎಂದು ಕೇಳಬಹುದು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಕೆನ್ನೆಗೆ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಬಿಸಿ ಶಾಖ ಬೇಡ. ಲವಂಗದ ಎಣ್ಣೆ ಹತ್ತಿಯಲ್ಲಿ ಒಂದು ತೊಟ್ಟು ಸಾಕು, ಹೆಚ್ಚು ಸುರಿದರೆ ಒಸಡು ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಬದಿಗೆ ಇಟ್ಟುಕೊಳ್ಳುವವರಿದ್ದಾರೆ, ಅದೂ ಸುಡುತ್ತದೆ, ನೋವಂತೂ ಹೋಗುವುದಿಲ್ಲ. ಪ್ಯಾರಾಸಿಟಮಾಲ್ 500ರ ಮಾತ್ರೆ ದೊಡ್ಡವರಿಗೆ ದಿನಕ್ಕೆ ಎಂಟನ್ನು ಮೀರಬಾರದು. ನೋವಿನ ಭರದಲ್ಲಿ ಗಂಟೆಗೊಂದರಂತೆ ನುಂಗಿದರೆ ಲಿವರ್‌ಗೆ ಪೆಟ್ಟು. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರು, ಬಸುರಿಯರು ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದು ಡೆಂಗಿ ಸಂಶಯವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಎರಡೂ ಬೇಡ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಕೂಡ ಬೇಡ, ಹಲ್ಲಿನೊಳಗಿನ ನೋವನ್ನು ಅದು ಗುಣಪಡಿಸುವುದಿಲ್ಲ.

ಗಲ್ಫಿನಲ್ಲಿರುವ ನಮ್ಮ ಹುಡುಗರದ್ದು ಬೇರೆ ಕಥೆ. ಅಲ್ಲಿ ಖರ್ಚು ಜಾಸ್ತಿ, ಊರಿಗೆ ಹೋದಾಗ ತೋರಿಸುವ ಎಂದು ಮಾತ್ರೆಯಲ್ಲಿ ತಿಂಗಳು ದೂಡುತ್ತಾರೆ. ವಿಮೆ ಕಾರ್ಡಿನಲ್ಲಿ ಹಲ್ಲಿನ ಚಿಕಿತ್ಸೆ ಎಷ್ಟಿದೆ ಎಂದು ನೋವಿಲ್ಲದಾಗಲೇ ಓದಿಟ್ಟುಕೊಳ್ಳಿ. ಇಲ್ಲಿಂದ ಮಾತ್ರೆ ಕೊಟ್ಟು ಕಳಿಸುವ ಉಮ್ಮಂದಿರೂ ಜಾಗ್ರತೆ. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗಳಿಗೆ ಯುಎಇ, ಸೌದಿಯಲ್ಲಿ ಕಟ್ಟುನಿಟ್ಟಿನ ಕಾನೂನಿದೆ. ಚೀಟಿ, ಅನುಮತಿ ಇಲ್ಲದೆ ಬ್ಯಾಗಿನಲ್ಲಿ ಸಿಕ್ಕಿದರೆ ಜೈಲು ಆಗಬಹುದು.

ರಮಳಾನಿನಲ್ಲಿ ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ, ಇಂಜೆಕ್ಷನ್ ಕೊಟ್ಟರೆ ಉಪವಾಸ ಮುರಿಯುತ್ತದಾ ಎಂದು. ಒಸಡಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್‌ನಿಂದ ಮುರಿಯುವುದಿಲ್ಲ ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನೀರು, ರಕ್ತ ಗಂಟಲಿಗೆ ಇಳಿಯದಂತೆ ನೋಡಿಕೊಳ್ಳಬೇಕು. ಸಾಧ್ಯವಿದ್ದವರು ಇಫ್ತಾರ್ ಆದ ಮೇಲೆ ತೆರೆದಿರುವ ಕ್ಲಿನಿಕ್‌ಗೆ ಹೋಗಬಹುದು. ಊತ, ಜ್ವರ ಇದ್ದು ಮದ್ದು ಕುಡಿಯಲೇಬೇಕಾದವರು ರೋಗಿಗಳು, ಉಪವಾಸ ಬಿಟ್ಟು ಆಮೇಲೆ ಕಳಾ ಮಾಡುವ ರಿಯಾಯಿತಿ ಅವರಿಗಿದೆ.

ಕೊನೆಗೆ ಡಾಕ್ಟರುಗಳೇ ಹೇಳುವ ಒಂದು ದೂರು. ರೂಟ್ ಕೆನಾಲ್‌ನ ಮೊದಲ ದಿನವೇ ಹೆಚ್ಚಾಗಿ ನೋವು ಇಳಿಯುತ್ತದೆ. ನೋವು ಹೋದ ಮೇಲೆ ಜನ ಹೋಗುವುದಿಲ್ಲ. ಹಲ್ಲಿಗೆ ಹಾಕಿದ ತಾತ್ಕಾಲಿಕ ಸಿಮೆಂಟು ಕೆಲವು ವಾರಕ್ಕೆ ಮಾತ್ರ, ಅದು ಬಿದ್ದರೆ ಒಳಗೆ ಮತ್ತೆ ಕೀವು. ಜಗಿಯುವ ಹಲ್ಲಾದರೆ ಕ್ಯಾಪ್ ಹಾಕದಿದ್ದರೆ ಒಡೆಯುವುದೂ ಇದೆ. ಎರಡನೇ ಸಲ ಬರಲು ಹೇಳಿದ ತಾರೀಕನ್ನು ಮದುವೆ, ಮಿಲಾದ್ ಗುರುತು ಹಾಕುವ ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ.