ಐನ್‌ಮನೆಯ ಹಂಚು ಯಾರು ಹಾಕಿಸಬೇಕು?

ಬೇಸಿಗೆ ಬಂತು ಅಂದ್ರೆ ನಮ್ಮ ಹಾಸ್ಟೆಲಿನ ಕೊಡಗಿನ ಹುಡುಗರು ಶುಕ್ರವಾರ ಮಧ್ಯಾಹ್ನವೇ ಮಾಯ. ಅಟೆಂಡೆನ್ಸ್ ಹೋದರೂ ಪರವಾಗಿಲ್ಲ, ಹಾಕಿ ಮ್ಯಾಚ್ ತಪ್ಪಬಾರದು. ಫಸ್ಟ್ ಇಯರ್‌ನಲ್ಲಿ ನಾವು ಒಬ್ಬನನ್ನು ಹಿಡಿದು ಕೇಳಿದ್ದೆವು, "ಯಾವ ಟೀಮ್ ಕಣೋ ನಿಂದು?" "ಮನೆ ಟೀಮ್" ಅಂದ. ಅಪ್ಪ, ಅಣ್ಣ, ಇವನು ಸೇರಿದರೂ ಮೂರೇ ಜನ, ಹನ್ನೊಂದು ಎಲ್ಲಿಂದ ಬಂತು ಅಂತ ನಕ್ಕಿದ್ದೆವು. ಆಮೇಲೆ ಗೊತ್ತಾಯ್ತು, ಅವನು ಹೇಳಿದ 'ಮನೆ'ಗೆ ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದಾರೆ, ಮತ್ತು ಅವರಲ್ಲಿ ಒಬ್ಬರೂ ಈಗ ಆ ಮನೆಯಲ್ಲಿ ವಾಸ ಮಾಡುತ್ತಿಲ್ಲ.

ಕೊಡವರಲ್ಲಿ ಒಬ್ಬ ಮೂಲಪುರುಷನಿಂದ ಗಂಡು ಸಂತತಿಯಲ್ಲಿ ಬೆಳೆದು ಬಂದ ಕುಟುಂಬಕ್ಕೆ 'ಒಕ್ಕ' ಅಂತಾರೆ. ಮದುವೆಯಾಗಿ ಬಂದ ಸೊಸೆಯರೂ ಒಕ್ಕದವರೇ. ಆ ಮೂಲಪುರುಷ 'ಗುರು ಕಾರೋಣ'. ಅವನು ಕಾಡು ಕಡಿದು ಗದ್ದೆ ಮಾಡಿ ನೆಲೆ ನಿಂತ ಜಾಗದ ಮನೆ 'ಐನ್‌ಮನೆ'. ಅಮ್ಮಕೊಡವರು, ಅರೆಭಾಷೆ ಗೌಡರು, ಹೆಗ್ಗಡೆಯವರು, ಇನ್ನೂ ಕೆಲವು ಸಮುದಾಯದವರಿಗೂ ಐನ್‌ಮನೆಗಳಿವೆ. ಒಕ್ಕದ ಹೆಸರು ಪ್ರತಿಯೊಬ್ಬರ ಹೆಸರಿನ ಮುಂದೆ ಬರುತ್ತೆ. ಜನರಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ, ಇಬ್ಬರ ಇನಿಷಿಯಲ್ಲಿನಲ್ಲೂ ಇರುವ 'ಕೆ' ಒಂದೇ: ಕೊಡಂದೇರ. ಕ್ವಿಝ್‌ನಲ್ಲಿ ಇಬ್ಬರ ಹೆಸರನ್ನೂ ಎಷ್ಟೋ ಸಲ ಬರೆದಿದ್ದ ನಮಗೆ ಇದು ಹೊಳೆದೇ ಇರಲಿಲ್ಲ.

ಹಾಕಿ ಹಬ್ಬ ನಡೆಯೋದೂ ಒಕ್ಕದ ಲೆಕ್ಕದಲ್ಲೇ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಶುರು ಮಾಡಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ಟೀಮ್‌ಗಳು. ಅಂದರೆ ಒಕ್ಕಗಳು ಗಟ್ಟಿಮುಟ್ಟಾಗಿವೆ. ಒಕ್ಕಕ್ಕೆ ಆ ಹೆಸರು ಕೊಟ್ಟ ಮನೆಗಳು ಹೇಗಿವೆ? ಅದನ್ನು ನೋಡೋಕೆ ಅಂತಲೇ ಕಳೆದ ಪುತ್ತರಿಗೆ ನಾವು ನಾಲ್ವರು ಗೆಳೆಯನ ಜೊತೆ ಬಸ್ ಹತ್ತಿದೆವು. (ಊಟದ ಆಸೆಯೂ ಇತ್ತು, ಸುಳ್ಳು ಯಾಕೆ.)

ಟಾರು ರಸ್ತೆಯಿಂದ ಮನೆ ಕಾಣೋದೇ ಇಲ್ಲ. ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ನಡುವೆ ಇಬ್ಬರು ಜೊತೆಯಾಗಿ ನಡೆಯುವಷ್ಟು ದಾರಿ. ಇದು 'ಓಣಿ'. ಸಾಲಾಗಿ ಮನೆಗಳಿರುವ ಓಣಿಯಷ್ಟೇ ಗೊತ್ತಿದ್ದ ನಮ್ಮ ಉತ್ತರ ಕರ್ನಾಟಕದ ಗೆಳೆಯ ಬಾಗಿಲುಗಳನ್ನು ಹುಡುಕುತ್ತಲೇ ನಡೆದ. ಓಣಿ ತಿರುಗಿ ಕಣದ ಅಂಗಳಕ್ಕೆ ಬಂದು ಮುಗಿಯುತ್ತೆ. ಗೆಳೆಯನ ದೊಡ್ಡಪ್ಪ ಜಗುಲಿಯಲ್ಲಿ ನಿಂತಿದ್ದರು. "ಈ ದಾರಿಯಲ್ಲಿ ಹತ್ತು ಜನ ಒಟ್ಟಿಗೆ ನುಗ್ಗಲಿಕ್ಕೆ ಆಗ್ತದಾ ನೋಡಿ ಮಕ್ಕಳೇ. ಒಬ್ಬೊಬ್ಬರೇ ಬರಬೇಕು, ಬಂದವರು ಜಗುಲಿಯಲ್ಲಿ ಕೂತವನ ಕಣ್ಣಿಗೆ ಬೀಳಲೇಬೇಕು" ಅಂದರು. ದಾಳಿ, ಕಾಳಗಗಳ ಕಾಲದ ಡಿಸೈನ್ ಅದು. ಊರೂರಿನ ಗಡಿಗೆ ತೋಡಿದ 'ಕಡಂಗ' ಎಂಬ ಆಳವಾದ ಕಂದಕಗಳೂ ಅದೇ ಕಾಲದವು.

ಜಗುಲಿಗೆ ಕೊಡವ ಭಾಷೆಯಲ್ಲಿ 'ಕಯ್ಯಾಲೆ'. ಅದರ ಕಂಬಗಳ ನಡುವಿನ ಮೋಟು ಗೋಡೆಯ ಮೇಲೆ ಅಗಲವಾದ ಮರದ ಹಲಗೆ, 'ಐಮರ'. ತಲೆಮಾರುಗಳು ಕೂತು ಕೂತು ಅದು ಗಾಜಿನಂತೆ ನುಣುಪಾಗಿದೆ. ಹಿರಿಯರು ಪಂಚಾಯ್ತಿ ಮಾಡ್ತಿದ್ದದ್ದು ಅಲ್ಲೇ, ನಾವು ಮೊಬೈಲ್ ಒತ್ತುತ್ತಾ ಕೂತದ್ದೂ ಅಲ್ಲೇ. ಒಳಗೆ ಹೋದರೆ 'ನೆಲ್ಲಕ್ಕಿ ನಡುಬಾಡೆ', ತೂಗುದೀಪವಿರುವ ನಡುಮನೆ. ನೈಋತ್ಯ ಮೂಲೆಯ ಕೋಣೆ 'ಕನ್ನಿಕೋಂಬರೆ', ಹಿರಿಯರಿಗೆ ಎಡೆ ಇಡುವ ಜಾಗ. ದೊಡ್ಡ ಐನ್‌ಮನೆಗಳಲ್ಲಿ ನಡುವೆ ತೆರೆದ ತೊಟ್ಟಿಯೂ ಇರುತ್ತೆ. ಹೊರಗೆ ಸ್ವಲ್ಪ ದೂರದಲ್ಲಿ 'ಕೈಮಡ', ಕಾರೋಣರ ಪುಟ್ಟ ಗುಡಿ.

ಆದರೆ ಗೋಡೆ, ಕೋಣೆಗಳನ್ನು ಮಾತ್ರ ನೋಡಿದರೆ ಐನ್‌ಮನೆ ಅರ್ಥ ಆಗಲ್ಲ. ಅಂಗಳದಲ್ಲಿ ನಿಂತು ಸುತ್ತ ನೋಡಬೇಕು. ಕೆಳಗೆ ಕಣಿವೆಯಲ್ಲಿ ಭತ್ತದ ಗದ್ದೆ, ಹಿಂದೆ ಏರಿನಲ್ಲಿ ಮರಗಳ 'ಬಾಣೆ', ಎರಡರ ನಡುವೆ ಮನೆ. ಬಾಣೆಯ ಸೊಪ್ಪು, ದರಗು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ದನಕ್ಕೂ ಮನೆಯ ಮಾಡಿಗೂ. ಸೌದೆ, ಮೇವು ಕೂಡ ಬಾಣೆಯಿಂದಲೇ. ನಮ್ಮ ಥರ್ಮೋಡೈನಮಿಕ್ಸ್ ಮೇಷ್ಟ್ರು ಬೋರ್ಡ್ ಮೇಲೆ ಸಿಸ್ಟಮ್ ಬೌಂಡರಿ ಎಳೆಯೋ ಹಾಗೆ ಇಲ್ಲೂ ಒಂದು ಗೆರೆ ಎಳೆದರೆ ಹೊರಗಿನಿಂದ ಬರಬೇಕಾದದ್ದು ಉಪ್ಪು, ಕಬ್ಬಿಣದಂಥ ಕೆಲವೇ ಕೆಲವು. ಇಂಥ ಹಲವು ಒಕ್ಕಗಳು ಸೇರಿ ಒಂದು ಊರು. ಊರಿಗೆ ಕುಣಿಯಲು, ಸಭೆ ಸೇರಲು ಒಂದು 'ಮಂದ್', ಕೊಡಲಿ ಹಾಕದ ಒಂದು ದೇವರಕಾಡು. ಕೊಡಗಿನಲ್ಲಿ ಅಂಥ ದೇವರಕಾಡುಗಳು ಇಂದಿಗೂ ಸಾವಿರಕ್ಕೂ ಹೆಚ್ಚಿವೆ.

ಈ ಗದ್ದೆ, ಬಾಣೆಗಳ ಹಕ್ಕಿನ ಹೆಸರು 'ಜಮ್ಮಾ'. ಜನ್ಮದಿಂದ ಬಂದ ಹಕ್ಕು ಅಂತ. ಹಾಲೇರಿ ಅರಸರ ಕಾಲದಲ್ಲಿ ಯುದ್ಧಕ್ಕೆ, ಅರಸನ ಕೆಲಸಕ್ಕೆ ಕರೆದಾಗ ಬರಬೇಕು ಅನ್ನೋ ಕಟ್ಟುಪಾಡಿನ ಮೇಲೆ ಈ ಭೂಮಿ. ಕಂದಾಯ ಸಾಗು ಜಮೀನಿನ ಅರ್ಧದಷ್ಟೇ, ಗದ್ದೆಗೆ ಸೇರಿದ ಬಾಣೆಗೆ ಕಂದಾಯವೇ ಇಲ್ಲ. ಭೂಮಿ ಒಕ್ಕದ್ದು, ಯಾರೊಬ್ಬರದ್ದೂ ಅಲ್ಲ. ಹೆಸರಿಗೆ 'ಪಟ್ಟೆದಾರ', ಅಂದರೆ ಒಕ್ಕದ ಹಿರಿಯ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ಸರಿಯಲ್ಲ. ಇಷ್ಟು ಗದ್ದೆಯನ್ನು ಒಕ್ಕದವರೇ ಉತ್ತರು, ನೆಟ್ಟರು ಅಂತ ಅಂದುಕೊಳ್ಳಬೇಡಿ. ಭೂಮಿಯ ಜೊತೆಗೇ ಜೀತಕ್ಕೆ ಕಟ್ಟಲ್ಪಟ್ಟ ದಲಿತ ಕುಟುಂಬಗಳಿದ್ದವು, ಎರವರು ಇದ್ದರು. ಮರಗೆಲಸ ಐರಿಗಳದ್ದು, ಬುಟ್ಟಿ ಮತ್ತು ವಾದ್ಯ ಮೇದರದ್ದು. ಐನ್‌ಮನೆಯ ಗೋಡೆಯ ಮೇಲೆ ಬಂದೂಕು ಹಿಡಿದ ಅಜ್ಜಂದಿರ ಫೋಟೋಗಳಿವೆ, ಇವರ ಫೋಟೋ ಒಂದೂ ಇಲ್ಲ. ನಮ್ಮ ಗೆಳೆಯನೂ ಇದನ್ನು ಒಪ್ಪಿದ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದರು, ಜಮ್ಮಾ ಹಕ್ಕನ್ನು ಮಾತ್ರ ಮುಟ್ಟಲಿಲ್ಲ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ. ನಿಧಾನವಾಗಿ ಬಾಣೆಗಳಿಗೂ ಕಾಫಿ ಬಂತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡಿನ ಜಾಗಕ್ಕೆ ಮಂಗಳೂರು ಹಂಚು ಏರಿತು. ಅದೇ ಮಿಷನ್ನಿನ ರಿಕ್ಟರ್ 1870ರಲ್ಲಿ ಬರೆದ ಕೊಡಗಿನ ಕೈಪಿಡಿಯಲ್ಲಿ ಕೊಡಗರ ಮನೆಗಳ ವರ್ಣನೆಯೇ ಇದೆ. ಕಾಫಿ ದುಡ್ಡು, ಸೈನ್ಯದ ನೌಕರಿ, ಓದು ಬಂದಂತೆ ಒಬ್ಬೊಬ್ಬರೇ ತಮ್ಮ ಪಾಲಿನ ತೋಟದಲ್ಲಿ ಬೇರೆ ಮನೆ ಕಟ್ಟಿಕೊಂಡರು. ಐನ್‌ಮನೆ ಹಬ್ಬದ ಮನೆಯಾಯ್ತು.

ಬಳಸದ ಮನೆ ಕೊಡಗಿನ ಮಳೆಯಲ್ಲಿ ಹೇಗೆ ಸಾಯುತ್ತೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮಲ್ಲಿ ಇಬ್ಬರು ಸಿವಿಲ್‌ನವರು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ಗೋಡೆ ದಪ್ಪ ಮಣ್ಣಿನದು. ಒಣಗಿರುವ ತನಕ ಅದು ಮಹಡಿಯನ್ನೂ ಹೊರುತ್ತೆ, ನೆಂದರೆ ಶಕ್ತಿ ಕಳೆದುಕೊಳ್ಳುತ್ತೆ. ಮಂಗ ಹಾರಿ ಒಂದು ಹಂಚು ಜಾರಿತು ಅಂತಿಟ್ಟುಕೊಳ್ಳಿ. ಮೊದಲು ರೀಪು ಕೊಳೆಯುತ್ತೆ, ಆಮೇಲೆ ಪಕಾಸು, ಆಗ ಪಕ್ಕದ ಹಂಚುಗಳೂ ಜಾರುತ್ತವೆ. ನೀರು ಗೋಡೆಯ ತಲೆಗೆ ಇಳಿದು ಮೇಲಿನಿಂದ ಕೆಳಕ್ಕೆ ಕರಗಿಸುತ್ತಾ ಬರುತ್ತೆ. ಮನೆಯಲ್ಲಿ ಜನ ಇದ್ದಿದ್ದರೆ ಮೊದಲ ಹನಿ ಬಿದ್ದ ದಿನವೇ ಏಣಿ ಹಾಕುತ್ತಿದ್ದರು. ಒಲೆಯ ಹೊಗೆ ಮರಕ್ಕೆ ಹುಳ ಹಿಡಿಯದಂತೆ ಕಾಯುತ್ತಿತ್ತು. ಈಗ ಹೊಗೆಯೂ ಇಲ್ಲ. ನಾವು ಹೋದ ಮನೆಯ ಹಿಂಭಾಗದ ಒಂದು ಕೋಣೆಗೆ ನೀಲಿ ಟಾರ್ಪಾಲು ಹೊದಿಸಿದ್ದರು.

"ರಿಪೇರಿ ಮಾಡಿಸಬಹುದಲ್ಲ ಅಂಕಲ್?" ಅಂತ ಕೇಳಿದ್ದಕ್ಕೆ ದೊಡ್ಡಪ್ಪ ನಕ್ಕು ಪಹಣಿಯ ಜೆರಾಕ್ಸ್ ತಂದು ತೋರಿಸಿದರು. ಪಟ್ಟೆದಾರರ ಹೆಸರು, ಜೊತೆಗೆ ಒಕ್ಕದವರ ಹೆಸರುಗಳು, ಪುಟ ತಿರುವಿದಷ್ಟೂ ಹೆಸರು. ಎಷ್ಟೋ ಜನ ತೀರಿಹೋಗಿದ್ದಾರೆ, ಕೆಲವರು ಕೆನಡಾದಲ್ಲಿದ್ದಾರೆ. ಇಂಥ ಪಹಣಿ ಹಿಡಿದು ಬ್ಯಾಂಕಿಗೆ ಹೋದರೆ ಸಾಲಕ್ಕೆ ಎಲ್ಲರ ಸಹಿ ಬೇಕು. ಜಮ್ಮಾ ಬಾಣೆಯ ಹಕ್ಕಿನ ಗೊಂದಲ ತಿಳಿಯಾಗಿಸಲು 2011ರಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಮಾಡಿದರು, ಪಹಣಿಯ ಹೆಸರುಗಳ ಕಗ್ಗಂಟು ಅಷ್ಟಕ್ಕೇ ಬಿಚ್ಚಲಿಲ್ಲ. ಮನೆಯನ್ನು ಇಷ್ಟು ವರ್ಷ ಮಾರಾಟವಾಗದಂತೆ ಕಾಪಾಡಿದ್ದೂ ಈ ಕೂಡುಹಕ್ಕೇ, ಈಗ ರಿಪೇರಿಯಾಗದಂತೆ ತಡೆಯುತ್ತಿರುವುದೂ ಅದೇ. ದುಡ್ಡಿರುವ ಕೆಲವು ಒಕ್ಕಗಳು ಚಂದಾ ಎತ್ತಿ ಚೆನ್ನಾಗಿ ಉಳಿಸಿಕೊಂಡಿವೆ. ಇನ್ನು ಕೆಲವರು ಹಳೆಯದನ್ನು ಕೆಡವಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿದ್ದಾರೆ. ನಮಗೆ ಅದು ಇಷ್ಟವಾಗಲಿಲ್ಲ, ಆದರೆ ಜೂನ್‌ನಲ್ಲಿ ಅಲ್ಲಿ ಮಲಗುವವರು ನಾವಲ್ಲವಲ್ಲ.

ಮಡಿಕೇರಿಯ 'ಸನ್ನಿ ಸೈಡ್' ನೋಡಿ. ಜನರಲ್ ತಿಮ್ಮಯ್ಯ ಹುಟ್ಟಿ ಬೆಳೆದ ಆ ಮನೆ ಎಷ್ಟೋ ವರ್ಷ ಆರ್‌ಟಿಓ ಆಫೀಸಾಗಿತ್ತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ಕೋವಿಂದ್ ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ಅದಕ್ಕೆ ಜನರಲ್ ಹೆಸರಿತ್ತು, ಸರ್ಕಾರದ ದುಡ್ಡಿತ್ತು. ಓಣಿಯ ಕೊನೆಯ ಮನೆಗಳಿಗೆ ಎರಡೂ ಇಲ್ಲ. ಅವುಗಳಿಗಾಗಿ ದುಡಿದವರು ಸಂಖ್ಯಾಶಾಸ್ತ್ರಜ್ಞೆ ಬೊವ್ವೇರಿಯಂಡ ನಂಜಮ್ಮ ಮತ್ತು ಅವರ ಪತಿ ಚಿಣ್ಣಪ್ಪ. ಕೊಡಗಿನ ಉದ್ದಗಲ ಓಡಾಡಿ ಐನ್‌ಮನೆಗಳನ್ನು ದಾಖಲಿಸಿ ಪುಸ್ತಕ ಮಾಡಿದ್ದಾರೆ. 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳು ಇವರು.

ಪುತ್ತರಿಯ ರಾತ್ರಿ ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನದವರು ಗೊತ್ತು ಮಾಡಿದ ಹೊತ್ತಿಗೆ ಮನೆ ತುಂಬಿ ಹೋಯ್ತು. ಬೆಂಗಳೂರು, ಮೈಸೂರಿನ ಕಾರುಗಳು ಓಣಿಯ ಬಾಯಿಯವರೆಗೂ. ದೀಪ ಹಿಡಿದು ಗದ್ದೆಗೆ ನಡೆದೆವು. ಒಕ್ಕದ ಗದ್ದೆ ಪಾಳು ಬಿದ್ದು ವರ್ಷಗಳಾದ್ದರಿಂದ ಕದಿರು ಕೊಯ್ದದ್ದು ಪಕ್ಕದವರ ಗದ್ದೆಯಲ್ಲಿ. ಬಂದೂಕು ಹಾರಿತು, ಕದಿರನ್ನು ತಂದು ಬಾಗಿಲಿಗೆ, ಕಂಬಗಳಿಗೆ ಕಟ್ಟಿದರು. ತಂಬಿಟ್ಟು ತಿನ್ನುತ್ತಾ ಐಮರದ ಮೇಲೆ ಕೂತವರ ಮಾತು ಮೊದಲು ಮುಂದಿನ ಹಾಕಿ ಟೀಮಿಗೆ ಗೋಲ್‌ಕೀಪರ್ ಯಾರು ಅಂತ, ಆಮೇಲೆ ಹಿಂದಿನ ಕೋಣೆಯ ಹಂಚಿನದ್ದು. ಗೋಲ್‌ಕೀಪರ್ ಐದು ನಿಮಿಷದಲ್ಲಿ ಸಿಕ್ಕಿದ. ಹಂಚಿನ ಮಾತು ಹನ್ನೆರಡಾದರೂ ಮುಗಿಯಲಿಲ್ಲ. ಕೊನೆಗೆ ಒಬ್ಬರು, "ಮೊದಲು ಅಂದಾಜು ಪಟ್ಟಿ ಆಗಲಿ. ಈ ಎಂಜಿನಿಯರ್ ಮಕ್ಕಳು ಇದ್ದಾರಲ್ಲ, ಅವರೇ ಅಳೆದು ಕೊಡಲಿ" ಅಂದುಬಿಟ್ಟರು.

ಒಪ್ಪಿಕೊಂಡು ಬಂದಿದ್ದೇವೆ. ಸೆಮ್ ರಜೆಯಲ್ಲಿ ನಾಲ್ಕು ದಿನ ಹೋಗಿ ಮನೆಯ ಅಳತೆ, ಡ್ರಾಯಿಂಗ್, ಮರದ ಸ್ಥಿತಿ ಎಲ್ಲಾ ಬರೆದುಕೊಂಡು ಬರಬೇಕು. ಮಳೆ ಶುರುವಾಗುವ ಮೊದಲು ಮುಗಿಸಬೇಕು. ನಾವಿನ್ನೂ ಸೆಕೆಂಡ್ ಇಯರ್, ಟೋಟಲ್ ಸ್ಟೇಷನ್ ಮುಟ್ಟಿದ್ದು ಎರಡೇ ಲ್ಯಾಬ್‌ನಲ್ಲಿ. ಸಿವಿಲ್ ಸೀನಿಯರ್‌ಗಳು ಯಾರಾದರೂ ಬರೋದಿದ್ರೆ ಕ್ಲಬ್ ರೂಮಿಗೆ ಬಂದು ಹೆಸರು ಕೊಡಿ. ಉಳಿಯೋಕೆ ಜಾಗ ಐನ್‌ಮನೆಯಲ್ಲೇ, ಸೋರದ ಕೋಣೆಯಲ್ಲಿ.