ಬುಲೆಟ್‌ಗಿಂತ ಸಣ್ಣ ಎಂಜಿನ್, ಐವತ್ತು ಲಕ್ಷ ಡಾಲರ್

ಯಾರಾದರೂ ಹೊಸ ಕಾರು ತಂದರೆ ನಾವು ಮೊದಲು ಕೇಳುವುದೇ ‘ಎಷ್ಟು ಮೈಲೇಜ್ ಕೊಡುತ್ತೆ?’ ಎಂದು. 2010ರಲ್ಲಿ ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಒಂದು ಕೋಟಿ ಡಾಲರ್ ಬಹುಮಾನವಿತ್ತು. ಆಟೊಮೋಟಿವ್ ಎಕ್ಸ್ ಪ್ರೈಜ್ ಎಂಬ ಆ ಸ್ಪರ್ಧೆಗೆ ನೂರಕ್ಕೂ ಹೆಚ್ಚು ತಂಡಗಳು ಹೆಸರು ಕೊಟ್ಟವು. ಫಿಲಡೆಲ್ಫಿಯಾದ ಹೈಸ್ಕೂಲ್ ಮಕ್ಕಳದೂ ಒಂದು. ಷರತ್ತು ಬಿಗಿಯಾಗಿತ್ತು: ಗ್ಯಾಲನ್ನಿಗೆ 100 ಮೈಲಿ, ಅಂದರೆ ಲೀಟರಿಗೆ ಸುಮಾರು 42.5 ಕಿಲೋಮೀಟರ್.

ಪೆಟ್ರೋಲನ್ನೇ ಕುಡಿಯದ ಬ್ಯಾಟರಿ ಕಾರಿಗೆ ಎಲ್ಲಿಯ ಲೀಟರ್? ಅದಕ್ಕೂ ಲೆಕ್ಕವಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ನಮ್ಮ ಮನೆ ಮೀಟರಿನ ಸುಮಾರು 9 ಯೂನಿಟ್ಟಿಗೆ ಸಮ. ಅಷ್ಟು ಕರೆಂಟಿನಲ್ಲಿ ಎಷ್ಟು ದೂರ ಓಡಿತೋ ಅದೇ ಅದರ ಮೈಲೇಜ್.

ಇಬ್ಬರು ಕೂರುವ ಎರಡು ವಿಭಾಗಗಳನ್ನೂ ಬ್ಯಾಟರಿ ವಾಹನಗಳೇ ಗೆದ್ದವು. ಸ್ವಿಟ್ಜರ್ಲೆಂಡಿನ ಇ-ಟ್ರೇಸರ್ ಚಿಪ್ಪು ಹೊದ್ದ ಬೈಕಿನಂತಿತ್ತು. ನಿಂತಾಗ ಮಕ್ಕಳ ಸೈಕಲ್ಲಿನ ಹಾಗೆ ಪಕ್ಕದಿಂದ ಪುಟ್ಟ ಗಾಲಿಗಳು ಇಳಿಯುತ್ತಿದ್ದವು. ಅದರ ಮೈಲೇಜ್ ಲೀಟರಿಗೆ ಸುಮಾರು 87 ಕಿಲೋಮೀಟರ್.

ನಾಲ್ವರು ಕೂರುವ ವಿಭಾಗದಲ್ಲಿ ಮಾತ್ರ ಕಥೆ ತಿರುಗಿತು. ಅಲ್ಲಿ ಒಂದೇ ಓಟದಲ್ಲಿ 200 ಮೈಲಿ ಹೋಗುವ ಸಾಮರ್ಥ್ಯ ಬೇಕಿತ್ತು. ದೂರ ಹೆಚ್ಚಿದಂತೆ ಬ್ಯಾಟರಿ ದೊಡ್ಡದಾಗಬೇಕು, ಆ ಭಾರ ಎಳೆಯಲು ಇನ್ನಷ್ಟು ಬ್ಯಾಟರಿ ಬೇಕು. ಬುತ್ತಿ ಹೊರಲು ಆಳು, ಆ ಆಳಿಗೂ ಒಂದು ಬುತ್ತಿ! ಗೆದ್ದದ್ದು ವರ್ಜೀನಿಯಾದ ಎಡಿಸನ್2 ತಂಡದ ‘ವೆರಿ ಲೈಟ್ ಕಾರ್’. ಅದರದು 250 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್. ನಮ್ಮ 350ರ ಬುಲೆಟ್‌ಗಿಂತಲೂ ಸಣ್ಣದು. ಇಂಧನ, ಎಥನಾಲ್ ಬೆರೆಸಿದ ಪೆಟ್ರೋಲ್. ಕಾರಿನ ತೂಕ 400 ಕಿಲೋ ಕೂಡ ಇರಲಿಲ್ಲ. ಮೈ ಮೀನಿನಂತೆ ನುಣುಪು, ಗಾಲಿಗಳು ಮೈಯಿಂದ ಆಚೆ ಚಾಚಿಕೊಂಡಿದ್ದವು, ಸಸ್ಪೆನ್ಷನ್ ಗಾಲಿಯೊಳಗೇ ಅಡಗಿತ್ತು. ಮೈ ಹಗುರಾದರೆ ಸಣ್ಣ ಬ್ರೇಕ್ ಸಾಕು, ಸಣ್ಣ ಎಂಜಿನ್ ಸಾಕು. ಅವು ಸಣ್ಣವಾದಷ್ಟೂ ಕಾರು ಮತ್ತೆ ಹಗುರ. ಲೀಟರಿಗೆ 43 ಕಿಲೋಮೀಟರ್ ದಾಟಿ 50 ಲಕ್ಷ ಡಾಲರ್ ಒಯ್ದಿತು. ನೋಡಲು ಚೆಂದವೇನಲ್ಲ, ಆ ಮಾತು ಬೇರೆ.

ಎಂಜಿನ್ನಿಗೆ ಜೈ ಎಂದ ತಂಡವಲ್ಲ ಅದು. ಮರುವರ್ಷ ಅದೇ ಮೈಗೆ ಬ್ಯಾಟರಿ ಕೂರಿಸಿತು. ಹಗುರ ಕಾರಿಗೆ ಪುಟ್ಟ ಬ್ಯಾಟರಿಯೇ ಸಾಕಾಗಿ, ಮೈಲೇಜ್ ಲೀಟರಿಗೆ ನೂರು ಕಿಲೋಮೀಟರ್ ದಾಟಿತು. ಶೋರೂಮಿಗೆ ಮಾತ್ರ ಎರಡೂ ಬರಲಿಲ್ಲ.