ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳ ಭಾಷಾ ಹಕ್ಕು: ಕಾಸರಗೋಡಿನ ನೆಲೆಯಿಂದ ಒಂದು ಓದು

ಧ್ವನಿ ಸರಿಯಾಗಿ ಕೇಳ್ತಾ ಇದೆ ಅಂದ್ಕೊಂಡು ಶುರು ಮಾಡ್ತೇನೆ. ಗಡಿನಾಡ ಕನ್ನಡದ ವಿಚಾರ ಬಂದಾಗ ನಾವು ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ, ಕಚೇರಿಯ ಬೋರ್ಡು ಇಷ್ಟರ ಸುತ್ತಲೇ ಮಾತಾಡುವುದು ಹೆಚ್ಚು. ಇವೆಲ್ಲದರ ಹಿಂದೆ ಒಂದು ಊಹೆ ಉಂಟು: ಮಗುವಿಗೆ ಮನೆಯಿದೆ, ಯಾವ ಶಾಲೆಗೆ ಸೇರಿಸಬೇಕೆಂದು ತೀರ್ಮಾನಿಸುವ ಹೆತ್ತವರಿದ್ದಾರೆ, ಹಕ್ಕು ಸಿಗದಿದ್ದರೆ ಅರ್ಜಿ ಬರೆಯುವ ಹಿರಿಯರೊಬ್ಬರಿದ್ದಾರೆ. ಮನೆಯಿಂದ ಹೊರಗೆ, ಬಾಲಮಂದಿರದಂಥ ಸಂಸ್ಥೆಯಲ್ಲಿ ಬೆಳೆಯುವ ಮಗುವಿನ ಭಾಷೆಯನ್ನು ನೋಡಿಕೊಳ್ಳುವವರು ಯಾರು? ಇದು ಇವತ್ತಿನ ನನ್ನ ಪ್ರಶ್ನೆ. ನಾನು ಕಾನೂನು ಓದಿದವಳಲ್ಲ, ಕನ್ನಡ ಎಂ.ಎ. ವಿದ್ಯಾರ್ಥಿನಿ. ಹಾಗಾಗಿ ಕಾಯ್ದೆಯನ್ನೂ ಪಠ್ಯದ ಹಾಗೆಯೇ ಓದಿದ್ದೇನೆ, ಯಾವ ಪದ ಎಲ್ಲಿ ಉಂಟು, ಎಲ್ಲಿ ಇಲ್ಲ ಅಂತ.

ವ್ಯವಸ್ಥೆಯನ್ನು ಚುಟುಕಾಗಿ ಹೇಳ್ತೇನೆ. ಈಗ ಇರುವುದು 2015ರ ಬಾಲ ನ್ಯಾಯ ಕಾಯ್ದೆ. ಅದು 2016ರ ಜನವರಿ 15ರಂದು ಜಾರಿಗೆ ಬಂತು. ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಸಾಮಾಜಿಕ ತನಿಖಾ ವರದಿಗೆ 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂಬುದು ಕಾಯ್ದೆಯ ಮೂಲತತ್ತ್ವಗಳಲ್ಲೇ ಉಂಟು.

ಮಾತಿನ ವಿಚಾರದಲ್ಲಿ ಈ ಕಾಯ್ದೆಗೆ ಎಚ್ಚರ ಇಲ್ಲ ಅಂತಲ್ಲ. 1986ರ ಕಾಯ್ದೆಯಲ್ಲಿ ಇಂಥ ಮಗುವನ್ನು ‘ನಿರ್ಲಕ್ಷಿತ ಬಾಲಕ’ ಎಂಬರ್ಥದ ಪದದಿಂದ ಕರೀತಿದ್ದರು. ಈಗಿನದರಲ್ಲಿ ಕಳಂಕ ಹಚ್ಚುವ ಪದ ಬಳಸಬಾರದೆಂಬುದೇ ಒಂದು ತತ್ತ್ವ. ನಾವು ಮಾತ್ರ ಇನ್ನೂ ‘ಅನಾಥಾಲಯ’ ಬಿಟ್ಟಿಲ್ಲ. ಅಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇಬ್ಬರೂನೋ ಇರ್ತಾರೆ. ಮಗುವನ್ನು ಹೇಗೆ ಕರೆಯಬೇಕು ಅಂತ ಇಷ್ಟು ಯೋಚಿಸಿದ ಕಾಯ್ದೆ, ಮಗು ಯಾವ ಭಾಷೆಯಲ್ಲಿ ಉತ್ತರ ಕೊಡ್ತದೆ ಎಂಬಲ್ಲಿಗೆ ಬಂದಾಗ ಎಂತ ಹೇಳ್ತದೆ?

ಒಂದು ಮಗುವನ್ನು ಊಹಿಸಿಕೊಳ್ಳೋಣ. ನಿಜವಾದ ಪ್ರಕರಣ ಹೇಳುವ ಹಾಗಿಲ್ಲ, 74ನೇ ಕಲಂ ಮಗುವಿನ ಗುರುತು ಬಿಟ್ಟುಕೊಡುವುದನ್ನು ನಿಷೇಧಿಸ್ತದೆ. ಪೈವಳಿಕೆ ಕಡೆಯ ಹನ್ನೆರಡು ವರ್ಷದ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸು. ಅಪ್ಪ ಇಲ್ಲ, ಅಮ್ಮನಿಗೆ ಗಂಭೀರ ಕಾಯಿಲೆ. ಸಮಿತಿ ಅವಳನ್ನು ಒಂದು ಸಂಸ್ಥೆಗೆ ಕಳಿಸ್ತದೆ. ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಹೆಚ್ಚಿನವು ಇರುವುದು ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ. ಆಯ್ಕೆಯಾದ ಸಂಸ್ಥೆ ಹೊಳೆಯ ದಕ್ಷಿಣಕ್ಕಿದ್ದರೆ, ಅಥವಾ ಬೇರೆ ಜಿಲ್ಲೆಯಲ್ಲಿದ್ದರೆ, ಅವಳ ಶಾಲೆಯ ಮಾಧ್ಯಮ ಅಲ್ಲಿಗೇ ಬದಲಾಗ್ತದೆ. ಬದಲಿಸಿ ಅಂತ ಯಾರೂ ಆದೇಶ ಮಾಡಿರುವುದಿಲ್ಲ. ಹಾಸಿಗೆ ಎಲ್ಲಿ ಖಾಲಿ ಇತ್ತು ಎಂಬುದು ಅವಳ ಭಾಷೆಯನ್ನು ತೀರ್ಮಾನಿಸಿರ್ತದೆ.

ಈಗ ಕಾಯ್ದೆಯ ಎರಡು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 8ನೇ ಕಲಂ ಬಾಲ ನ್ಯಾಯ ಮಂಡಳಿಯದ್ದು, ಅಂದರೆ ತಪ್ಪಿನ ಆರೋಪ ಇರುವ ಮಕ್ಕಳ ವಿಚಾರಣೆ ನಡೆಸುವ ಕಡೆಯದ್ದು. ಅಲ್ಲಿ ಸ್ಪಷ್ಟವಾಗಿ ಉಂಟು: ಕಲಾಪದ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿಯನ್ನೋ ಅನುವಾದಕರನ್ನೋ ಕೊಡಬೇಕು. ಪೋಕ್ಸೋ ಕಾಯ್ದೆಯ 19ನೇ ಕಲಮಿನಲ್ಲೂ ಹೀಗೇ ಉಂಟು. ಆದರೆ ಮಕ್ಕಳ ಕಲ್ಯಾಣ ಸಮಿತಿಯ ಕೆಲಸಗಳನ್ನು ಪಟ್ಟಿ ಮಾಡುವ 30ನೇ ಕಲಮಿನಲ್ಲಿ ದುಭಾಷಿಯ ಮಾತು ಬರುವುದಿಲ್ಲ. ಸಂಸ್ಥೆಯನ್ನು ಆರಿಸುವಾಗ ಮಗುವಿನ ವಯಸ್ಸು, ಲಿಂಗ, ಅಂಗವೈಕಲ್ಯ, ಅಗತ್ಯಗಳು ಇವನ್ನು ನೋಡಬೇಕು, ಸಂಸ್ಥೆಯಲ್ಲಿ ಜಾಗ ಎಷ್ಟಿದೆ ಅಂತಲೂ ನೋಡಬೇಕು ಅಂತ ಅಲ್ಲಿ ಉಂಟು. ಭಾಷೆ ಇಲ್ಲ. ‘ಅಗತ್ಯಗಳು’ ಎಂಬ ಪದದೊಳಗೆ ಭಾಷೆಯನ್ನು ಸೇರಿಸಿ ಓದಲಿಕ್ಕೆ ಏನೂ ಅಡ್ಡಿಯಿಲ್ಲ. ಆದರೆ ಹಾಗೆ ಓದಬೇಕೆಂದು ಸಮಿತಿಯ ಮುಂದೆ ಯಾರಾದರೂ ಹೇಳಬೇಕಲ್ಲ.

ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳ್ತದೆ. ಅದರ 20ನೇ ವಿಧಿಯ ಪ್ರಕಾರ, ಕುಟುಂಬದಿಂದ ದೂರವಾದ ಮಗುವಿಗೆ ಬೇರೆ ಆಸರೆ ಹುಡುಕುವಾಗ ಅದರ ಧರ್ಮ, ಸಂಸ್ಕೃತಿಗಳ ಜೊತೆ ಭಾಷಾ ಹಿನ್ನೆಲೆಯನ್ನೂ ಗಮನಿಸಬೇಕು. ಈ ಮಾತು ನಮ್ಮ ಕಚೇರಿಗಳ ಕಾಗದಕ್ಕೆ ಇಳಿಯುವಾಗ ಏನಾಯ್ತು ನೋಡಿ. 2016ರ ಮಾದರಿ ನಿಯಮಗಳಲ್ಲಿ ಪ್ರತಿ ಮಗುವಿಗೂ ತುಂಬಬೇಕಾದ ವೈಯಕ್ತಿಕ ಪಾಲನಾ ಯೋಜನೆಯ ಫಾರ್ಮು ಉಂಟು. ಮೇಲ್ಭಾಗದಲ್ಲಿ ಹೆಸರು, ವಯಸ್ಸು, ಧರ್ಮ, ಜಾತಿ, ಆಮೇಲೆ ‘ಮಾತಾಡುವ ಭಾಷೆ’ ಅಂತ ಒಂದು ಗೆರೆ. ಕೆಳಗೆ ಮಗುವಿಗೆ ಎಲ್ಲೆಲ್ಲಿ ನೆರವು ಬೇಕು ಎಂಬ ಉದ್ದದ ಪಟ್ಟಿ: ಆರೋಗ್ಯ, ಭಾವನಾತ್ಮಕ ಬೆಂಬಲ, ಶಿಕ್ಷಣ, ಆಟ, ಒಡನಾಟ, ಧಾರ್ಮಿಕ ನಂಬಿಕೆ, ಸ್ವತಂತ್ರವಾಗಿ ಬದುಕುವ ಕೌಶಲ. ಧರ್ಮ ಎರಡೂ ಕಡೆ ಬಂದಿದೆ. ಭಾಷೆ ಮೇಲಿನ ಗೆರೆಯಲ್ಲೇ ಮುಗೀತದೆ.

ಕಾಸರಗೋಡಿನಲ್ಲಿ ಆ ಗೆರೆಯೂ ಸುಲಭದ್ದಲ್ಲ. ನಮ್ಮ ಹುಡುಗಿಯ ಮನೆಮಾತು ತುಳು. ಪಕ್ಕದ ಮನೆಯದ್ದು ಬ್ಯಾರಿ ಇರಬಹುದು, ಕೊಂಕಣಿ, ಮರಾಟಿ, ಹವ್ಯಕ ಕನ್ನಡ ಇರಬಹುದು. ಓದು ಬರಹ ಕನ್ನಡದಲ್ಲಿ, ಪೇಟೆಯಲ್ಲಿ ಅಷ್ಟಿಷ್ಟು ಮಲಯಾಳ. ‘ಮಾತಾಡುವ ಭಾಷೆ: ತುಳು’ ಅಂತ ಬರೆದರೆ ತಪ್ಪೇನಲ್ಲ. ಆದರೆ ತುಳು ಮಾಧ್ಯಮದ ಶಾಲೆ ಇಲ್ಲವಲ್ಲ, ಹಾಗಾದ್ರೆ ಮಲಯಾಳವೇ ಆಗಲಿ ಅಂತ ಫಾರ್ಮು ನೋಡಿದವರು ತೀರ್ಮಾನಿಸಬಹುದು. ಅವಳು ಏಳು ವರ್ಷ ಕಲಿತ ಅಕ್ಷರ ಆ ಗೆರೆಯಲ್ಲಿ ಕಾಣುವುದೇ ಇಲ್ಲ. ಮಾತಾಡುವ ಭಾಷೆ, ಓದುವ ಭಾಷೆ ಅಂತ ಎರಡು ಗೆರೆ ಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಾಗಿಲ್ಲ, ಫಾರ್ಮು ತುಂಬುವವರು ಪಕ್ಕದಲ್ಲಿ ಬರೆದರೂ ಸಾಕು.

ಸಂಸ್ಥೆಯ ಒಳಗಿನ ದೂರಿನ ವ್ಯವಸ್ಥೆಯನ್ನೂ ನೋಡಬೇಕು. ಪ್ರತಿ ಸಂಸ್ಥೆಯಲ್ಲೂ ಮಕ್ಕಳ ಸಲಹಾ ಪೆಟ್ಟಿಗೆ ಇರಬೇಕು, ಅದು ಆಫೀಸಿನಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇರಬೇಕು ಅಂತ ಮಾದರಿ ನಿಯಮಗಳಲ್ಲುಂಟು. ಇದನ್ನು ಬರೆದವರು ಮಕ್ಕಳ ಭಯವನ್ನು ಬಲ್ಲವರು ಅಂತ ನನಗೆ ಅನ್ನಿಸಿತು. ಆ ಪೆಟ್ಟಿಗೆಗೆ ಕನ್ನಡದಲ್ಲಿ ಚೀಟಿ ಬಿದ್ದರೆ ಓದುವವರು ಬೇಕು. ಕನ್ನಡ ಬಲ್ಲ ಒಬ್ಬರೇ ಸಿಬ್ಬಂದಿ ಇದ್ದು, ದೂರು ಅವರ ಮೇಲೆಯೇ ಆದರೆ? ಕೇರಳದ 1969ರ ಅಧಿಕೃತ ಭಾಷಾ ಶಾಸನ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಅದರ ಪ್ರಯೋಜನ ನಮ್ಮಂಥ ಪತ್ರ ಬರೆಯುವವರಿಗೆ ಸಿಕ್ಕಿತು. ಚೀಟಿ ಬರೆಯುವ ಮಗುವಿಗೂ ಅದು ಅನ್ವಯಿಸಬೇಕು ಅಂತ ನಾವು ಕೇಳಿದ್ದು ನನಗೆ ಎಲ್ಲೂ ಓದಲಿಕ್ಕೆ ಸಿಗಲಿಲ್ಲ.

ಇದಕ್ಕಿಂತ ಮೊದಲಿನ ಪ್ರಶ್ನೆ, ಅವಳು ಸಂಸ್ಥೆಗೆ ಹೋಗಲೇಬೇಕಿತ್ತಾ? 45ನೇ ಕಲಂ ಪ್ರಾಯೋಜಕತ್ವದ್ದು. ವಿಧವೆ ತಾಯಿ, ಜೀವಕ್ಕೆ ಅಪಾಯವಿರುವ ಕಾಯಿಲೆಯ ಹೆತ್ತವರು, ಬಂಧುಗಳ ಮನೆಯಲ್ಲಿರುವ ತಬ್ಬಲಿ ಮಕ್ಕಳು, ಇಂಥ ಸಂದರ್ಭಗಳಲ್ಲಿ ಮಗು ಮನೆಯಲ್ಲೇ ಇರುವ ಹಾಗೆ ಹಣದ ನೆರವು ಕೊಡಬಹುದು. ಮಿಷನ್ ವಾತ್ಸಲ್ಯದ ಪ್ರಕಾರ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅಜ್ಜಿಯ ಮನೆಯಲ್ಲೇ ಉಳಿದರೆ ಮಗುವಿಗೆ ತುಳುವೂ ಉಳೀತದೆ, ಕನ್ನಡ ಶಾಲೆಯೂ ಉಳೀತದೆ. ಭಾಷೆಗೆಂದು ಬೇರೆ ಯೋಜನೆಯೇ ಬೇಕಾಗುವುದಿಲ್ಲ. ಆದರೆ ಅಜ್ಜಿಗೆ ಇದು ತಿಳಿಯಬೇಕಾದರೆ ಅವರ ಭಾಷೆಯಲ್ಲಿ ಹೇಳುವವರು ಬೇಕು. ನಮ್ಮ ವಿಭಾಗದಿಂದ ಒಂದು ಕನ್ನಡ ಕರಪತ್ರ ತಯಾರಿಸುವುದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ದುಭಾಷಿಗಳಾಗಿ ಹೆಸರು ಕೊಡುವುದು, ಇವೆರಡನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡಬಹುದು. ಸೆಮಿನಾರಿಗಿಂತ ಖರ್ಚು ಕಡಿಮೆ.

ಹದಿನೆಂಟು ತುಂಬಿದ ಮೇಲಿನದ್ದನ್ನು ಬೇಗ ಹೇಳ್ತೇನೆ. ಸಂಸ್ಥೆ ಬಿಟ್ಟ ಯುವಜನರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನೆ ಉಂಟು. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೇರಳ ಪಿ.ಎಸ್.ಸಿ. ಕ್ಲರ್ಕ್ ಹುದ್ದೆಗಳನ್ನು ಕರೀತದೆ. ಹಿಂದೆ ಯಾರೂ ಇಲ್ಲದ ಹುಡುಗಿಗೆ ಅದು ದೊಡ್ಡ ಆಸರೆ. ಏಳನೇ ಕ್ಲಾಸಿಗೆ ಕನ್ನಡ ನಿಂತುಹೋದವಳು ಆ ಅರ್ಜಿ ಹಾಕುವುದು ಹೇಗೆ?

ಚಾಟ್‌ನಲ್ಲಿ ಒಬ್ಬರು ಸರ್ ಕೇಳಿದ್ದಾರೆ: ‘ಇಂಥ ಮಕ್ಕಳನ್ನು ಮಂಗಳೂರಿಗೆ ಕಳಿಸಿದರಾಗದೇ? ಅಲ್ಲಿ ಎಲ್ಲವೂ ಕನ್ನಡದಲ್ಲೇ ಇದೆಯಲ್ಲ.’ ಒಳ್ಳೆಯ ಪ್ರಶ್ನೆ ಸರ್. 95ನೇ ಕಲಮಿನ ವರ್ಗಾವಣೆ ಇರುವುದು ಮಗುವನ್ನು ಅದರ ಊರಿನ ಕಡೆಗೆ ಕಳಿಸಲಿಕ್ಕೆ, ಅದೂ ಆ ಜಿಲ್ಲೆಯ ಸಮಿತಿಯ ಜೊತೆ ಮಾತಾಡಿ. ಈ ಹುಡುಗಿ ಮಂಗಳೂರು ಸ್ಟೇಷನ್ನಿನಲ್ಲಿ ಸಿಕ್ಕಿದ್ದರೂ ಆ ಕಲಮಿನ ಪ್ರಕಾರ ಅವಳನ್ನು ಕಳಿಸಬೇಕಾದ್ದು ಕಾಸರಗೋಡಿಗೆ. ಅವಳ ಅಮ್ಮ ಇರುವುದು ಪೈವಳಿಕೆಯಲ್ಲಿ. ಕಾಯಿಲೆಯ ಹೆಂಗಸು ಬಸ್ಸು ಬದಲಿಸಿ ತಲಪಾಡಿ ದಾಟಿ ಮಗಳನ್ನು ನೋಡಲಿಕ್ಕೆ ತಿಂಗಳಿಗೆ ಎಷ್ಟು ಸಲ ಹೋದಾರು? ಕನ್ನಡ ಬೇಕಾದರೆ ಅಮ್ಮನನ್ನು ಬಿಡು, ಅಮ್ಮ ಬೇಕಾದರೆ ಕನ್ನಡ ಬಿಡು ಅಂತ ಹನ್ನೆರಡು ವರ್ಷದವಳಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಕನ್ನಡ ಶಾಲೆ ಪೈವಳಿಕೆಯಲ್ಲೇ ಉಂಟು ಸರ್.